ತೋಟ ಎಷ್ಟು ಎಕರೆ?



ಮೊನ್ನೆಯಿಂದ ನಮ್ಮ ಸಕಲೇಶಪುರ, ಆಲೂರು ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ವಿಡಿಯೊ ಸುತ್ತುತ್ತಿದೆ. ತೋಟದ ಮನೆಯ ಹುಡುಗ, ಇಂಗ್ಲೆಂಡಿನಲ್ಲಿ ಓದ್ತಾ ಒಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡ್ತಾನೆ. ಮುದುಕರ ಮೈ ಒರೆಸ್ತೀನಿ, ಕಕ್ಕಸು ತೊಳೀತೀನಿ, ಇಲ್ಲಿ ಯಾವ ಕೆಲಸವೂ ಕೀಳಲ್ಲ ಅಂತ ಹೇಳಿದ್ದಾನೆ. ಕೆಳಗೆ ಸಾಲು ಸಾಲು ಚಪ್ಪಾಳೆ. "ಇದಪ್ಪಾ ಸಂಸ್ಕಾರ", "ನಮ್ಮೂರಿನ ಹೆಮ್ಮೆ".

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ದುಡಿದು ಓದೋನು ಯಾರೇ ಆಗಲಿ, ಒಳ್ಳೇದಾಗಲಿ. ನನ್ನ ಪ್ರಶ್ನೆ ಚಪ್ಪಾಳೆ ಹೊಡೆದವರಿಗೆ. ಬೆಳಗಿನ ಜಾವ ನಿಮ್ಮ ಬೀದಿ ಗುಡಿಸೋ, ನಿಮ್ಮ ಚರಂಡಿ ಬಳಿಯೋ ನನ್ನ ಚಿಕ್ಕಮ್ಮನಿಗೆ ಒಂದು ದಿನ ಆದ್ರೂ ಕೈ ಮುಗಿದಿದ್ದೀರಾ? ನೀರು ಕೇಳಿದ್ರೆ ಲೋಟ ಕೊಟ್ಟಿದ್ದೀರಾ, ಇಲ್ಲ ಬೊಗಸೆಗೆ ಹುಯ್ದಿದ್ದೀರಾ? ಅದೇ ಪೊರಕೆ, ಅದೇ ಹೊಲಸು. ಮೇಲ್ಜಾತಿ ಹುಡುಗ ಲಂಡನ್ನಿನಲ್ಲಿ ಮುಟ್ಟಿದ್ರೆ ಸಂಸ್ಕಾರ, ನಮ್ಮ ಹೆಂಗಸು ಊರಲ್ಲಿ ಮುಟ್ಟಿದ್ರೆ ಹಣೆಬರಹ. ಇದ್ಯಾವ ನ್ಯಾಯ?

ನಾನೂ ಅಲ್ಲಿ ಇದ್ದು ಬಂದವನು. 2024ರ ಸೆಪ್ಟೆಂಬರಿನಲ್ಲಿ ಲೆಸ್ಟರ್‌ಗೆ ಹೋದೆ. ಹಗಲು ಕ್ಲಾಸು, ರಾತ್ರಿ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸೋ ಕೆಲಸ. ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು, ದಾಟಿದ್ರೆ ವೀಸಾಕ್ಕೇ ಕುತ್ತು. ನಾನು ಹೋದಾಗ ಕಾನೂನಿನ ಕನಿಷ್ಠ ಕೂಲಿ ಗಂಟೆಗೆ 11.44 ಪೌಂಡ್, 2025ರ ಏಪ್ರಿಲ್‌ನಿಂದ 12.21. ನನ್ನ ಒಂದು ಗಂಟೆಯ ಕೂಲಿ ತೋಟದಲ್ಲಿ ಅವ್ವನ ಎರಡು ದಿನದ ಕೂಲಿಗಿಂತ ಜಾಸ್ತಿ. ಮೊದಲ ವಾರದ ಪೇ ಸ್ಲಿಪ್ ನೋಡಿ ಬಸ್ ಸ್ಟಾಪಿನಲ್ಲಿ ನಿಂತು ಅತ್ತಿದ್ದೀನಿ, ಖುಷಿಗಲ್ಲ. ಅವ್ವ ಮೂವತ್ತು ವರ್ಷ ದುಡಿದಿದ್ದಾಳೆ, ಅವಳ ಹತ್ರ ಇಂಥ ಒಂದು ಚೀಟಿನೂ ಇಲ್ಲ.

ಹಾಗಾಗಿ "ಅಲ್ಲಿ ಕೆಲಸಕ್ಕೆ ಗೌರವ ಇದೆ" ಅನ್ನೋರಿಗೆ ಹೇಳ್ತೀನಿ, ಆ ಗೌರವ ಅಲ್ಲಿನ ಗಾಳಿಯಲ್ಲಿಲ್ಲ. ಕಾನೂನಿನ ಕೂಲಿಯಲ್ಲಿದೆ, ಎಣಿಸಿದ ಗಂಟೆಯಲ್ಲಿದೆ, ಕೈಗೆ ಸಿಗೋ ಕಾಗದದಲ್ಲಿದೆ. ಕಾಗದ ತಪ್ಪಿದ್ರೆ ಅಲ್ಲೂ ಗೌರವ ಇಲ್ಲ. ಬಾಡಿಗೆ ಕಟ್ಟೋಕಾಗದೆ 20 ಗಂಟೆ ಮೇಲೆ ಕದ್ದು ದುಡಿಯೋ ಹುಡುಗರನ್ನ ನೋಡಿದ್ದೀನಿ. ನಮ್ಮ ದೇಶದವರದ್ದೇ ಹೋಟೆಲಿನ ಅಡುಗೆಮನೆ, ಕೈಗೆ ನಗದು, ಕಾನೂನಿನ ಕೂಲಿಯ ಅರ್ಧ. ದೂರು ಕೊಟ್ರೆ ಮೊದಲು ಸಿಕ್ಕಿಬೀಳೋನು ಅವನೇ. ಲೈನ್ ಮನೆಯಲ್ಲಿ ಹುಟ್ಟಿದ ನನಗೆ ಇದೇನು ಹೊಸದಲ್ಲ. ಕೂಲಿ ಕೇಳಿದ್ರೆ ಮನೆ ಖಾಲಿ ಮಾಡು ಅಂತಾರೆ, ಅಷ್ಟೇ.

ಈಗ ನನ್ನ ತಪ್ಪು ಒಂದು ಹೇಳ್ಕೋಬೇಕು.

ಅಲ್ಲಿ ಒಂದೇ ಮನೆಯಲ್ಲಿ ನಾವು ಐದು ಜನ ಕನ್ನಡದವರು. ಹಾಸನದ ಕನ್ನಡ ಕಿವಿಗೆ ಬಿದ್ದದ್ದೇ ತಡ, ಒಬ್ಬ ಬಂದು ತಬ್ಬಿಕೊಂಡ. "ಸಕಲೇಶಪುರನಾ ಗುರು? ತೋಟ ಎಷ್ಟು ಎಕರೆ?"

ನಮ್ಮ ಕಡೆಯವರಿಗೆ ಗೊತ್ತು, ಇದು ಎಕರೆಯ ಲೆಕ್ಕ ಅಲ್ಲ. ಜಾತಿ ಕೇಳೋ ನಯವಾದ ದಾರಿ. ಅಡ್ಡಹೆಸರು ಕೇಳಿದ್ರೆ ಒರಟು, ತೋಟ ಕೇಳಿದ್ರೆ ಸ್ನೇಹ.

ನಾನು "ಇದೆ, ಹನ್ನೆರಡು ಎಕರೆ" ಅಂದೆ.

ಯಾಕಂದೆ? ಹೆದರಿದೆ. ಹೊಸ ದೇಶ, ಚಳಿ, ಬೇರೆ ರೂಮು ಹುಡುಕೋಕೆ ದುಡ್ಡಿಲ್ಲ. ಅಲ್ಲಿಂದ ಆರು ವಾರ ನಾನು ಹನ್ನೆರಡು ಎಕರೆ ಸಾಹುಕಾರ. ರೋಬಸ್ಟಾ ರೇಟು, ಆನೆ ಕಾಟ, "ಲೇಬರ್ ಸಿಗಲ್ಲ ಮಚ್ಚಾ" ಅನ್ನೋ ಗೋಳು, ಎಲ್ಲದಕ್ಕೂ ತಲೆಯಾಡಿಸಿದೆ. ಆ ಲೇಬರ್ ಅಂದ್ರೆ ನನ್ನ ಅವ್ವ. ಆನೆ ಓಡಾಡೋ ಹೊತ್ತಿನಲ್ಲಿ ಜೀವ ಕೈಲಿ ಹಿಡ್ಕೊಂಡು ತೋಟಕ್ಕೆ ಹೋಗೋಳು.

ಒಂದು ದಿನ ಚಪಾತಿ ಲಟ್ಟಿಸ್ತಾ ಕೈಯೆಲ್ಲ ಹಿಟ್ಟು, ಅವ್ವನ ಫೋನು ಬಂತು. ಸ್ಪೀಕರಿಗೆ ಹಾಕಿದೆ. "ಮಗಾ, ಸಾಹುಕಾರ್ರು ಈ ವಾರ ಬಟವಾಡೆ ಕೊಟ್ಟಿಲ್ಲ ಕಣೋ. ಲೈನು ಸೋರ್ತಾ ಐತೆ, ರೈಟ್ರಿಗೆ ಹೇಳಿದ್ರೆ ಮಳೆ ನಿಲ್ಲಲಿ ಅಂತಾರೆ." ಅಡುಗೆಮನೆ ತಣ್ಣಗಾಯ್ತು. ಯಾರೂ ಬೈಯಲಿಲ್ಲ. ಮಾರನೇ ವಾರ ನನ್ನ ತಟ್ಟೆ, ಬಾಣಲೆ ಬೇರೆ ಶೆಲ್ಫಿಗೆ ಹೋದವು. "ತಪ್ಪು ತಿಳ್ಕೋಬೇಡ ಮಚ್ಚಾ, ಅವನು ಪ್ಯೂರ್ ವೆಜ್ಜು" ಅಂದ್ರು. ಆ ಪ್ಯೂರ್ ವೆಜ್ಜು ಅಲ್ಲಿವರೆಗೂ ನಾನು ಬೇಯಿಸಿದ ಅನ್ನ ಉಂಡಿದ್ದ.

ಯಾರಿಗೆ ದೂರು ಕೊಡೋದು? ಬ್ರಿಟನ್ನಿನಲ್ಲಿ 2010ರ ಸಮಾನತಾ ಕಾಯ್ದೆಗೆ ಜಾತಿಯನ್ನೂ ಸೇರಿಸಬೇಕು ಅಂತ 2013ರಲ್ಲಿ ಪಾರ್ಲಿಮೆಂಟೇ ಹೇಳಿತ್ತು. 2018ರಲ್ಲಿ ಅಲ್ಲಿನ ಸರ್ಕಾರ ಬೇಡ ಅಂತ ಕೈಬಿಟ್ಟಿತು. ಅಮೆರಿಕದಲ್ಲಿ ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯ ನಿಷೇಧಿಸಿತು, ಅದೇ ವರ್ಷ ಕ್ಯಾಲಿಫೋರ್ನಿಯಾದ ಮಸೂದೆಗೆ ಗವರ್ನರ್ ಸಹಿ ಹಾಕಲಿಲ್ಲ. ಜಾತಿಗೆ ವೀಸಾ ಬೇಡ ಗೆಳೆಯರೇ. ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಬಾಟಲಿ ಜೊತೆಗೇ ಬರುತ್ತೆ.

ಸುಳ್ಳು ಹೇಳಿದ ನಾಚಿಕೆ ನನ್ನನ್ನ ತುಂಬಾ ದಿನ ತಿಂತು. ಆಗ ಬಾಬಾಸಾಹೇಬರ ಬರೋಡಾ ನೆನಪಾಯ್ತು. ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬಂದ ಆ ಮನುಷ್ಯನಿಗೆ ತಲೆ ಮೇಲೊಂದು ಸೂರು ಸಿಗಲಿಲ್ಲ. ಪಾರ್ಸಿ ಹೆಸರು ಬರೆಸಿ ಪಾರ್ಸಿ ಛತ್ರದಲ್ಲಿ ಇದ್ದರು. ಗೊತ್ತಾದಾಗ ದೊಣ್ಣೆ ಹಿಡಿದು ಬಂದು ಹೊರಹಾಕಿದರು. ಅವರು ಅದನ್ನ ಮುಚ್ಚಿಡಲಿಲ್ಲ, ತಾವೇ ಬರೆದಿಟ್ಟರು. ಅದಕ್ಕೇ ನಾನೂ ಬರೀತಿದ್ದೀನಿ. ನಾಚಿಕೆ ಪಡಬೇಕಾದ್ದು ಸುಳ್ಳು ಹೇಳಿದೋನು ಮಾತ್ರ ಅಲ್ಲ, ಸುಳ್ಳು ಹೇಳಿಸಿದ ಪ್ರಶ್ನೆ ಕೂಡ.

ಇನ್ನು "ನಿಮಗೇನ್ರೋ, ಸರ್ಕಾರ ಎಲ್ಲ ಕೊಡುತ್ತೆ" ಅನ್ನೋರಿಗೆ. ಮೊದಲು ನಾನು ಬ್ಯಾಂಕಿಗೇ ಹೋಗಿದ್ದು. ಶಿಕ್ಷಣ ಸಾಲ 7.5 ಲಕ್ಷ ದಾಟಿದ್ರೆ ಸಾಮಾನ್ಯವಾಗಿ ಆಸ್ತಿ ಅಡ ಕೇಳ್ತಾರೆ. ಬ್ರಿಟನ್ ವೀಸಾಕ್ಕೆ 9 ತಿಂಗಳ ಖರ್ಚಿನ ದುಡ್ಡು 28 ದಿನ ಖಾತೆಯಲ್ಲಿ ಕೂತಿರಬೇಕು. ಅವ್ವನ ಕಾಲ ಕೆಳಗಿನ ನೆಲವೇ ಅವಳದ್ದಲ್ಲ, ಏನು ಅಡ ಇಡ್ಲಿ? 1951ರಲ್ಲೇ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಬಂತು. ಮನೆ, ಆಸ್ಪತ್ರೆ, ಕೂಸುಮನೆ ಎಲ್ಲ ಬರೆದಿತ್ತು. ಮನೆ ಕೊಟ್ಟರೂ ಅದು ದುಡಿಯೋವರೆಗೆ ಮಾತ್ರ. ಅದೇ ಮಲೆನಾಡಿನಲ್ಲಿ ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡೋಕೆ 2022ರಲ್ಲಿ ಭೂಕಂದಾಯ ಕಾಯ್ದೆಗೇ ತಿದ್ದುಪಡಿ ತಂದರು. ಒತ್ತಿದವನಿಗೆ 25 ಎಕರೆ, ಅದನ್ನ ಅಗೆದು ಗಿಡ ನೆಟ್ಟವಳಿಗೆ 25 ಅಡಿಗೂ ಹಕ್ಕುಪತ್ರ ಇಲ್ಲ. ಆ ವಿಡಿಯೊ ಹುಡುಗ ವಿಮಾನ ಹತ್ತಿದ್ದು ಬರೀ ಬುದ್ಧಿಯಿಂದ ಅಲ್ಲ, ಪಹಣಿಯಿಂದ ಕೂಡ.

ಕೊನೆಗೆ ಸ್ಕಾಲರ್‌ಶಿಪ್ಪಿನಲ್ಲೇ ಹೋದೆ. ಎರಡನೇ ಕಂತು ತಡವಾಗಿ ಬಂತು, ಫೀಸಿನ ನೋಟಿಸು ಬೇಗ ಬಂತು. ಯಾವ ಕಚೇರಿ ಅಂತ ಹೆಸರು ಹಾಕಲ್ಲ, ಅಲ್ಲಿ ಇನ್ನೂ ನಮ್ಮ ಹುಡುಗರ ಫೈಲುಗಳಿವೆ. ಆದ್ರೆ ಎಲ್ಲರಿಗೂ ಗೊತ್ತಿರೋದನ್ನ ಹೇಳಬಹುದು. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ಗೆ ಇಡೀ ದೇಶಕ್ಕೆ ಇರೋದೇ 125 ಸೀಟು. 2025ರಲ್ಲಿ ಆಯ್ಕೆಯಾದ 106 ಜನರಲ್ಲಿ ಮೊದಲಿಗೆ 40 ಜನರಿಗೆ ಮಾತ್ರ ತಾತ್ಕಾಲಿಕ ಪತ್ರ ಕೊಟ್ಟು, ಉಳಿದ 66 ಜನರಿಗೆ ಹಣ ಇದ್ರೆ ನೋಡೋಣ ಅಂದರು. 2022ರಲ್ಲಿ ಇನ್ನೊಂದು ನಿಯಮ ಹಾಕಿದ್ರು: ಈ ದುಡ್ಡಲ್ಲಿ ಭಾರತದ ಸಂಸ್ಕೃತಿ, ಚರಿತ್ರೆ, ಸಮಾಜದ ಮೇಲೆ ಸಂಶೋಧನೆ ಮಾಡೋ ಹಾಗಿಲ್ಲ. ಅಂದ್ರೆ 1916ರಲ್ಲಿ ಕೊಲಂಬಿಯಾದಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದ ಆ ವಿದ್ಯಾರ್ಥಿ ಇವರಿಗೆ ಅರ್ಜಿ ಹಾಕಿದ್ರೆ, ಆ ವಿಷಯಕ್ಕೆ ತಿರಸ್ಕೃತ! ಅವರ ಫೋಟೊಗೆ ಹಾರ ಮಾತ್ರ ತಪ್ಪಲ್ಲ.

ನಮ್ಮ ರಾಜ್ಯದವರೇನೂ ಸಾಚಾ ಅಲ್ಲ. ಎಸ್‌ಸಿಎಸ್‌ಪಿ, ಟಿಎಸ್‌ಪಿ ಹಣದಲ್ಲಿ 2024-25ಕ್ಕೆ 14 ಸಾವಿರ ಕೋಟಿ ಮೇಲೆ ಗ್ಯಾರಂಟಿಗಳಿಗೆ ತೋರಿಸಿದರು. ಗ್ಯಾರಂಟಿ ಬೇಡ ಅನ್ನಲ್ಲ, ಅವ್ವನೂ ಎರಡು ಸಾವಿರ ತಗೋತಾಳೆ. ಅದು ಎಲ್ಲರ ಯೋಜನೆ, ಎಲ್ಲರ ಬಜೆಟ್ಟಿನಿಂದ ಕೊಡಿ. ಮೀಸಲಿಟ್ಟ ದುಡ್ಡು ನಮ್ಮ ಮಕ್ಕಳ ಓದಿಗೆ, ನಮ್ಮ ಜನರ ನೆಲಕ್ಕೆ ಇರಲಿ.

ಕೇಳೋದು ಮೂರೇ. ವಿದೇಶಿ ವಿದ್ಯಾರ್ಥಿವೇತನದ ಹಣ ಫೀಸಿನ ಗಡುವಿಗೆ ಮುಂಚೆ ಖಾತೆಗೆ ಬರಲಿ. ಓದೋ ವಿಷಯಕ್ಕೆ ಬೇಲಿ ಬೇಡ. ಒತ್ತುವರಿ ಜಮೀನು ಗುತ್ತಿಗೆಗೆ ಕೊಡೋ ಮೊದಲು ಲೈನ್ ಮನೆಯವರಿಗೆ ನಿವೇಶನದ ಹಕ್ಕುಪತ್ರ ಕೊಡಿ.

ಈ ಸಲ ಹೊರಡೋ ತಮ್ಮಂದಿರೇ, ತಂಗಿಯರೇ, ಆದಾಯ ಪ್ರಮಾಣಪತ್ರ, ವೀಸಾ ಲೆಕ್ಕ, ರೂಮು, ಏನೇ ತೊಡಕಿದ್ರೂ ನನಗೆ ಮೆಸೇಜ್ ಮಾಡಿ. ಗೊತ್ತಿರೋದನ್ನ ಹೇಳಿಕೊಡ್ತೀನಿ. ಅಲ್ಲಿ ಯಾರಾದ್ರೂ ತೋಟ ಎಷ್ಟು ಎಕರೆ ಅಂತ ಕೇಳಿದ್ರೆ ಮೊದಲ ದಿನವೇ ಹೇಳಿಬಿಡಿ: "ನಮ್ಮದು ಒಂದು ಗುಂಟೆನೂ ಇಲ್ಲ. ನಿಮ್ಮದರಲ್ಲಿ ಹಣ್ಣು ಕುಯ್ದೋರು ನಾವು." ತಟ್ಟೆ ಬೇರೆ ಇಡೋದಾದ್ರೆ ಮೊದಲ ದಿನವೇ ಇಡಲಿ. ಆರು ವಾರ ಸುಳ್ಳು ಹೊತ್ತು ತಿರುಗೋ ಹಿಂಸೆ ನಿಮಗೆ ಬೇಡ.

ಜೈ ಭೀಮ್.