ನಿಯಮ ಬದಲಾದರೆ ಬಡ್ಡಿ ಕಟ್ಟುವವರು ಯಾರು?

ಟಿ. ನರಸೀಪುರದಲ್ಲಿರುವ ನಮ್ಮ ಖಾಲಾ 2023ರಲ್ಲಿ ಮಗನನ್ನು ಕೆನಡಾಕ್ಕೆ ಓದಲು ಕಳಿಸಲೆಂದು ಒಡವೆ ಗಿರವಿ ಇಟ್ಟರು. ಶುಲ್ಕವಲ್ಲದೆ ಮೊದಲ ವರ್ಷದ ಜೀವನ ವೆಚ್ಚಕ್ಕೆ 10,000 ಕೆನಡಾ ಡಾಲರ್ ತೋರಿಸಬೇಕಿತ್ತು. 2024ರ ಜನವರಿ 1ರಿಂದ ಅದು 20,635 ಡಾಲರ್ ಆಯಿತು. ಭಾಯಿ ಹೋಗಲಾಗಲಿಲ್ಲ. ಬಡ್ಡಿ ಮಾತ್ರ ನಿಲ್ಲಲಿಲ್ಲ.

ಅದೇ ವರ್ಷ ಕೆನಡಾ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿತು. ಆಸ್ಟ್ರೇಲಿಯಾ ವಿದ್ಯಾರ್ಥಿ ವೀಸಾ ಶುಲ್ಕವನ್ನು 710ರಿಂದ 1,600 ಡಾಲರ್‌ಗೆ ಏರಿಸಿತು. ಯಾರನ್ನು ಒಳಗೆ ಬಿಡಬೇಕೆಂಬುದು ಆಯಾ ದೇಶದ ಹಕ್ಕು, ಒಪ್ಪೋಣ. ಆದರೆ ನಮ್ಮವರು ಮಾಡಿದ್ದೇನು? ಕಡಿಮೆ ಆದಾಯದ ಅಲ್ಪಸಂಖ್ಯಾತ ವಿದ್ಯಾರ್ಥಿಗಳು ವಿದೇಶದಲ್ಲಿ ಓದಲು ಪಡೆದ ಸಾಲಕ್ಕೆ ಓದಿನ ಅವಧಿಯ ಬಡ್ಡಿ ಭರಿಸುತ್ತಿದ್ದ ‘ಪಢೋ ಪರದೇಶ್’ ಯೋಜನೆಯನ್ನು ಕೇಂದ್ರ ಸರ್ಕಾರ 2022–23ರಿಂದ ನಿಲ್ಲಿಸಿತು. ನಂಜನಗೂಡು, ಟಿ. ನರಸೀಪುರದ ಮನೆಗಳಿಗೆ ಆ ನೆರವು ಸಣ್ಣದಲ್ಲ. ಅದು ಮತ್ತೆ ಶುರುವಾಗಬೇಕು.

ಬರಬಹುದಾದ ನಷ್ಟಕ್ಕೆ ಮೊದಲೇ ಹಣ ತೆಗೆದಿಡಬೇಕೆಂದು ಅಕೌಂಟೆನ್ಸಿ ತರಗತಿಯಲ್ಲಿ ಕಲಿಯುತ್ತೇವೆ. ವಿದೇಶಕ್ಕೆ ಹೊರಡುವ ಗೆಳೆಯ ಗೆಳತಿಯರೇ, ನಿಮ್ಮ ಖರ್ಚಿನ ಪಟ್ಟಿಯಲ್ಲೂ ‘ನಿಯಮ ಬದಲಾದರೆ’ ಎಂಬ ಒಂದು ಸಾಲು ಇರಲಿ. ಅಮ್ಮನ ಬಳೆ ಗಿರವಿ ಅಂಗಡಿಗೆ ಹೋಗುವ ಮೊದಲೇ ಅದನ್ನು ಬರೆಯಿರಿ.