ಅಪ್ಪಂದಿರನ್ನೂ ಅಂಗನವಾಡಿಗೆ ಕರೆಯಿರಿ

ತಾಯ್ತಂದೆಯರೇ, ಅಜ್ಜಿ ತಾತಂದಿರೇ,

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಸೀಮಂತ ಮುಗಿಸಿ ಕಳಿಸಿದ ಹೆಣ್ಣುಮಗಳು ಬಾಣಂತನ ಮಾಡಿಸಿಕೊಂಡು ಗಂಡನ ಮನೆಗೆ ಬರುವುದು ಕೂಸಿಗೆ ಮೂರೋ ಐದೋ ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ಅಪ್ಪನಾದವನು ಭಾನುವಾರದ ನೆಂಟ. ಕತ್ತು ನಿಲ್ಲದ ಮಗುವನ್ನು ಎತ್ತಿಕೊಳ್ಳುವುದು ಹೇಗೆ, ಹಾಲು ಕುಡಿದ ಮೇಲೆ ತೇಗಿಸುವುದು ಹೇಗೆ, ಯಾವುದು ಹಸಿವಿನ ಅಳು, ಯಾವುದು ನಿದ್ದೆಯ ಅಳು, ಒಂದೂ ಅವನಿಗೆ ರೂಢಿಯಾಗಿರುವುದಿಲ್ಲ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ಮಗುವಿನ ತೂಕ, ಮೈಬಿಸಿ ನೋಡಬೇಕು, ಹಾಲೂಡಿಸುವ ರೀತಿ ತಿದ್ದಬೇಕು. ಒಳ್ಳೆಯ ವ್ಯವಸ್ಥೆಯೇ. ಆದರೆ ಆಕೆ ಬರುವುದು ತವರುಮನೆಗೆ. ಅಪ್ಪ ಆ ಹೊತ್ತಿಗೆ ಇನ್ನೊಂದು ಊರಲ್ಲಿ ಗಾರೆ ಕೆಲಸದಲ್ಲೋ ಆಟೋ ಸ್ಟ್ಯಾಂಡಿನಲ್ಲೋ ಇರುತ್ತಾನೆ.

ನಮ್ಮ ಒತ್ತಾಯ ಇಷ್ಟೇ: ಪ್ರತಿ ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ, ಭಾನುವಾರ ಇಲ್ಲವೇ ಸಂಜೆ ಆರರ ಮೇಲೆ, ಪಾಲಕರ ತರಗತಿ ನಡೆಯಲಿ. ಬಸುರಿಯ ಗಂಡ, ಎಳೆಮಕ್ಕಳ ಅಪ್ಪ ಅಮ್ಮ, ಮನೆಯ ಅಜ್ಜಿ ಎಲ್ಲರೂ ಒಟ್ಟಿಗೆ ಕೂರಲಿ.

"ನಮ್ಮಜ್ಜಿ ಯಾವ ಕ್ಲಾಸಿಗೆ ಹೋಗಿ ಎಂಟು ಮಕ್ಕಳನ್ನು ಹೆತ್ತಳು?" ಎಂದು ಕೇಳುವವರಿದ್ದಾರೆ. ಎಂಟರಲ್ಲಿ ಉಳಿದದ್ದೆಷ್ಟು ಎಂದೂ ಆ ಅಜ್ಜಿಯನ್ನೇ ಕೇಳಬೇಕಿತ್ತು. ಅಜ್ಜಿಯ ಜೋಗುಳ, ಕಾಲ ಮೇಲೆ ಮಲಗಿಸಿ ಎರೆಯುವ ನೀರು, ಕೂಸಿನೊಂದಿಗೆ ಆಡುವ ಮಾತು ಎಲ್ಲವೂ ಇರಲಿ. ಆದರೆ ಹಸುವಿನ ಗಿಣ್ಣನ್ನು ನೆರೆಮನೆಗೂ ಹಂಚಿ ತಿನ್ನುವ ನಾವು, ಹೆತ್ತ ತಾಯಿಯ ಹಳದಿ ಗಿಣ್ಣುಹಾಲನ್ನು ಹಿಂಡಿ ಚೆಲ್ಲಿ ಕೂಸಿನ ನಾಲಿಗೆಗೆ ಜೇನು ಸವರುವುದು ಯಾವ ನ್ಯಾಯ? ವರ್ಷ ತುಂಬದ ಮಗುವಿಗೆ ಜೇನು ವಿಷವಾಗಬಹುದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಇದನ್ನು ಸೊಸೆ ಹೇಳಿದರೆ ಮನೆಯಲ್ಲಿ ಜಗಳ. ಅಂಗನವಾಡಿ ಟೀಚರ್ ಎಲ್ಲರೆದುರು ಹೇಳಿದರೆ ಅತ್ತೆಯೂ ಕೇಳುತ್ತಾರೆ.

ತರಗತಿಯೆಂದರೆ ಭಾಷಣವಲ್ಲ. ಆರು ತಿಂಗಳು ತುಂಬಿದ ಮಗುವಿಗೆ ರಾಗಿ ಸರಿ ಮಾಡುವುದನ್ನೇ ನೋಡಿ. ಅಪ್ಪನ ಕೈಗೇ ಸೌಟು ಕೊಡಬೇಕು. ಹಿಟ್ಟು ಗಂಟಾಗದಂತೆ ಕದಡಿ ಬೇಯಿಸಿ, ಚಮಚದಲ್ಲಿ ತೆಗೆದು ಓರೆ ಮಾಡಲಿ. ನೀರಿನಂತೆ ಸುರಿದುಹೋದರೆ ಅದರಲ್ಲಿ ಸತ್ವ ಸಾಲದು. ಚಮಚದ ಮೇಲೆ ನಿಲ್ಲಬೇಕು. ಮಗು ಮುಖ ತಿರುಗಿಸಿದರೆ ಕಾಯಬೇಕು, ತುರುಕಬಾರದು. ಮೊಬೈಲ್ ತೋರಿಸಿ ಉಣಿಸುವ ಚಾಳಿಯಂತೂ ಬೇಡವೇ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ವಿಡಿಯೊ ತೋರಿಸಬೇಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆ.

ಆಟ, ಮಾತು ಕಲಿಸಲೂ ತರಗತಿ ಬೇಕೇ? ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1986-87ರಲ್ಲಿ, ಬೆಳವಣಿಗೆ ಕುಂಠಿತವಾದ ಎಳೆಮಕ್ಕಳ ಬಡ ಮನೆಗಳಿಗೆ ಆರೋಗ್ಯ ಸಹಾಯಕಿಯರು ವಾರವಾರ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆ ಹಿಡಿದು ತಾಯಂದಿರಿಗೆ ಇದನ್ನೇ ಕಲಿಸಲು ಶುರುಮಾಡಿದರು. ಎರಡು ವರ್ಷ ನಡೆಸಿದರು. ಇಪ್ಪತ್ತು ವರ್ಷದ ನಂತರ ಆ ಮಕ್ಕಳ ಗಳಿಕೆ, ಅಂಥ ಪಾಠ ಸಿಗದ ಮಕ್ಕಳಿಗಿಂತ ಶೇ. 25ರಷ್ಟು ಹೆಚ್ಚಿತ್ತು.

ಹೊಸ ಕಟ್ಟಡವೇನೂ ಬೇಕಿಲ್ಲ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ನಮ್ಮ ರಾಜ್ಯದಲ್ಲಿ 1975ರ ಅಕ್ಟೋಬರ್ 2ರಂದೇ ಟಿ. ನರಸೀಪುರದಲ್ಲಿ ಆರಂಭವಾಯಿತು. ಅದರ ಆರು ಸೇವೆಗಳಲ್ಲಿ ಆರೋಗ್ಯ ಮತ್ತು ಪೌಷ್ಟಿಕ ಶಿಕ್ಷಣವೂ ಒಂದು. ಆದರೆ ಅದು 15ರಿಂದ 45 ವಯಸ್ಸಿನ ಮಹಿಳೆಯರಿಗೆ ಮಾತ್ರ! ಗಂಡಸರನ್ನು ಹೊರಗಿಟ್ಟದ್ದು ಯೋಜನೆಯೇ. ನಗರದ ಖಾಸಗಿ ಆಸ್ಪತ್ರೆಗಳಲ್ಲಿ ಶುಲ್ಕ ಕಟ್ಟುವ ದಂಪತಿಗೆ ಸಿಗುವ ಪಾಠ ಕೂಲಿಕಾರನಿಗೂ ಸಿಗಲಿ.

ಒಂದು ಮಾತು. ಈ ಕೆಲಸವನ್ನೂ ಅಂಗನವಾಡಿ ಕಾರ್ಯಕರ್ತೆಯ ತಲೆಗೆ ಪುಕ್ಕಟೆಯಾಗಿ ಕಟ್ಟಬಾರದು. ಸಮೀಕ್ಷೆ, ಮೊಬೈಲ್ ಆ್ಯಪ್, ಮತದಾರರ ಪಟ್ಟಿ ಎಂದು ಆಕೆ ಈಗಾಗಲೇ ಹೈರಾಣಾಗಿದ್ದಾರೆ. ಸಂಜೆಯ ದುಡಿಮೆಗೆ ಪ್ರತ್ಯೇಕ ಗೌರವಧನ ಕೊಡಬೇಕು.

ಮುಂದಿನ ಗ್ರಾಮಸಭೆಗೆ ಬನ್ನಿ. ಅಂಗನವಾಡಿಯ ಬಾಲವಿಕಾಸ ಸಮಿತಿಯವರನ್ನೂ ಕರೆತನ್ನಿ. ಈ ಬೇಡಿಕೆಯನ್ನು ಎದ್ದು ನಿಂತು ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿಸಿಕೊಂಡೇ ಸಹಿ ಹಾಕಿ. ಓದಿದ ಮೇಲೆ ಈ ಹಾಳೆಯನ್ನು ಮನೆಯ ಗಂಡಸರ ಕೈಗೆ ಕೊಡಿ.