ಸಂತೈಸುವವರ ಅಂತರಂಗ

ಶುಶ್ರೂಷಾ ಶಾಲೆಯಲ್ಲಿ ದೀಪ ಬೆಳಗುವ ಸಮಾರಂಭವನ್ನು ಒಮ್ಮೆ ಕಂಡವರು ಅದನ್ನು ಬೇಗ ಮರೆಯಲಾರರು. ಬಿಳಿಯ ಸಮವಸ್ತ್ರ ಧರಿಸಿದ ಹದಿನೆಂಟು ಹತ್ತೊಂಬತ್ತರ ಮಕ್ಕಳು ಸಾಲಾಗಿ ನಿಂತು, ಒಬ್ಬರ ದೀಪದಿಂದ ಇನ್ನೊಬ್ಬರು ದೀಪ ಹಚ್ಚಿಕೊಂಡು, ಫ್ಲಾರೆನ್ಸ್ ನೈಟಿಂಗೇಲರ ಹೆಸರಿನ ಪ್ರತಿಜ್ಞೆಯನ್ನು ಒಕ್ಕೊರಲಿನಿಂದ ಸ್ವೀಕರಿಸುತ್ತಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬಂದ ತಂದೆತಾಯಿಗಳು ಹಿಂದಿನ ಸಾಲಿನಲ್ಲಿ ಕುಳಿತು ಕಣ್ಣೊರೆಸಿಕೊಳ್ಳುತ್ತಾರೆ. ಆ ಪ್ರತಿಜ್ಞೆಯ ಮಾತುಗಳು ರೋಗಿಯ ಹಿತವನ್ನೂ ವೃತ್ತಿಯ ಘನತೆಯನ್ನೂ ಕುರಿತವು. ಅದು ಸರಿಯೇ. ಆದರೆ ಪ್ರತಿಜ್ಞೆಗೈದ ಆ ಮಗು ಮುಂದೊಂದು ದಿನ ದಣಿದಾಗ, ತಪ್ಪಿದಾಗ, ತಾನು ಆರೈಕೆ ಮಾಡಿದ ರೋಗಿ ಕಣ್ಣೆದುರಿಗೇ ಪ್ರಾಣ ಬಿಟ್ಟಾಗ ತನ್ನೊಡನೆ ತಾನು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಕುರಿತು ಅದರಲ್ಲಿ ಮಾತಿಲ್ಲ.

ವೈದ್ಯರು ಈ ಕೊರತೆಯನ್ನು ತಡವಾಗಿಯಾದರೂ ಕಂಡುಕೊಂಡರು. ವಿಶ್ವ ವೈದ್ಯಕೀಯ ಸಂಘವು 1948ರಲ್ಲಿ ಅಂಗೀಕರಿಸಿದ ಜಿನೀವಾ ಪ್ರತಿಜ್ಞೆಯನ್ನು 2017ರಲ್ಲಿ ಪರಿಷ್ಕರಿಸಿದಾಗ, ಉತ್ತಮ ಚಿಕಿತ್ಸೆ ನೀಡಬೇಕಾದರೆ ವೈದ್ಯರು ತಮ್ಮ ಆರೋಗ್ಯ, ನೆಮ್ಮದಿಗಳನ್ನೂ ಕಾಪಾಡಿಕೊಳ್ಳಬೇಕೆಂಬ ಅರ್ಥದ ಮಾತನ್ನು ಅದಕ್ಕೆ ಸೇರಿಸಲಾಯಿತು. ವೈದ್ಯರಿಗೆ ಸಲ್ಲುವ ಈ ವಿವೇಕವು ಹಗಲಿರುಳೂ ರೋಗಿಯ ಹಾಸಿಗೆಯ ಬಳಿ ನಿಲ್ಲುವ ದಾದಿಗೆ ಸಲ್ಲದೇ?

ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿದ ಈ ನಾಲ್ಕು ತಾಲ್ಲೂಕುಗಳ ಬದುಕು ಬಲ್ಲವರಿಗೆ ಪ್ರಶ್ನೆಯ ತೂಕ ಅರಿವಾದೀತು. ಮಳೆಯನ್ನೇ ನಂಬಿದ ಕಡಲೆಕಾಯಿ ಬೆಳೆ ಕೈಕೊಟ್ಟ ವರ್ಷವೂ ಮಗಳ ಶುಲ್ಕ ಕಟ್ಟಲೇಬೇಕು. ಒಡವೆ ಅಡವಿಟ್ಟು, ಸಾಲ ಮಾಡಿ, ಅವಳನ್ನು ತುಮಕೂರಿಗೋ ಬೆಂಗಳೂರಿಗೋ ಕಳುಹಿಸುತ್ತಾರೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳ ಕೈಗೆ ಇಂಗ್ಲಿಷಿನ ದಪ್ಪ ಪುಸ್ತಕಗಳು ಬರುತ್ತವೆ. ಮನೆಯವರ ನಿರೀಕ್ಷೆಯೆಲ್ಲ ಅವಳ ಹೆಗಲ ಮೇಲೆ. ಅವಳು ಸೋತರೆ ಅದು ಅವಳೊಬ್ಬಳ ಸೋಲಾಗಿ ಉಳಿಯುವುದಿಲ್ಲ.

ಅಂಥ ಒಬ್ಬಳನ್ನು ಕಲ್ಪಿಸಿಕೊಳ್ಳೋಣ. ವಾರ್ಡಿನಲ್ಲಿ ವೃದ್ಧರೊಬ್ಬರಿಗೆ ಗ್ಲೂಕೋಸ್ ಹಾಕಲು ನರ ಸಿಗದೆ ಎರಡು ಬಾರಿ ಚುಚ್ಚುತ್ತಾಳೆ. ಅವರು ನೋವಿನಿಂದ ನರಳುತ್ತಾರೆ. ಹಿರಿಯ ದಾದಿ ಎಲ್ಲರೆದುರಿಗೆ ಗದರಿಸುತ್ತಾರೆ. ಆ ರಾತ್ರಿ ಹಾಸ್ಟೆಲಿನಲ್ಲಿ ಅವಳಿಗೆ ನಿದ್ದೆಯಿಲ್ಲ. ‘ನಾನು ಈ ಕೆಲಸಕ್ಕೆ ಯೋಗ್ಯಳಲ್ಲ, ಅಪ್ಪನ ದುಡ್ಡು ದಂಡ’ ಎಂದು ತನ್ನನ್ನು ತಾನೇ ಹಳಿದುಕೊಳ್ಳುತ್ತಾಳೆ. ಪಕ್ಕದ ಮಂಚದ ಗೆಳತಿಗೆ ಇದೇ ಪ್ರಸಂಗ ಒದಗಿದ್ದರೆ ಅವಳೇನು ಹೇಳುತ್ತಿದ್ದಳು? ‘ಬಿಡೇ, ಮೊದಮೊದಲು ಎಲ್ಲರಿಗೂ ಹೀಗೇ ಆಗುತ್ತೆ, ನಾಳೆ ಕಲೀತೀಯ’ ಎಂದು ಬೆನ್ನು ಸವರುತ್ತಿದ್ದಳು. ಗೆಳತಿಗೆ ಸಲ್ಲುವ ಈ ದಯೆ ತನಗೇಕೆ ಸಲ್ಲುವುದಿಲ್ಲ?

ಇದೇ ಪ್ರಶ್ನೆಯನ್ನು ಅಳೆಯುವ ಸಾಧನವೊಂದನ್ನು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಪ್ರಕಟಿಸಿದರು. ಅದರಲ್ಲಿ 26 ಹೇಳಿಕೆಗಳಿವೆ. ಪ್ರತಿಯೊಂದು ಹೇಳಿಕೆ ತನಗೆ ಎಷ್ಟು ಬಾರಿ ಅನ್ವಯಿಸುತ್ತದೆ ಎಂಬುದನ್ನು ಒಂದರಿಂದ ಐದರವರೆಗಿನ ಅಂಕದಲ್ಲಿ ಗುರುತಿಸಬೇಕು. ಹೇಳಿಕೆಗಳು ಮೂರು ಜೋಡಿ ಗುಣಗಳನ್ನು ಕುರಿತವು. ಕಷ್ಟದಲ್ಲಿ ತನ್ನ ಬಗ್ಗೆ ತಾನು ದಯೆ ತೋರುವುದು, ಅಥವಾ ತನ್ನನ್ನು ಕಠೋರವಾಗಿ ತೀರ್ಪಿಗೆ ಗುರಿಪಡಿಸುವುದು. ಸೋಲು ಮನುಷ್ಯರೆಲ್ಲರ ಪಾಲೆಂದು ಅರಿಯುವುದು, ಅಥವಾ ತಾನೊಬ್ಬಳೇ ಹೀಗೆಂದು ಕುಗ್ಗುವುದು. ನೋವನ್ನು ಸಮಚಿತ್ತದಿಂದ ಕಾಣುವುದು, ಅಥವಾ ಅದರಲ್ಲೇ ಮುಳುಗಿಹೋಗುವುದು. ಪ್ರತಿಕೂಲ ಹೇಳಿಕೆಗಳ ಅಂಕಗಳನ್ನು ತಿರುಗಿಸಿ ಎಣಿಸಿ ಸರಾಸರಿ ತೆಗೆಯುತ್ತಾರೆ. 2011ರಲ್ಲಿ 12 ಹೇಳಿಕೆಗಳ ಕಿರುರೂಪವೂ ಬಂದಿತು. ತಮ್ಮ ಮೇಲೆ ದಯೆಯುಳ್ಳವರಲ್ಲಿ ಖಿನ್ನತೆ, ಆತಂಕಗಳು ಕಡಿಮೆಯೆಂದು ಅನೇಕ ಅಧ್ಯಯನಗಳು ಕಂಡುಕೊಂಡಿವೆ. ಆದರೆ ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು. ಆರೂ ಗುಣಗಳನ್ನು ಒಂದೇ ಅಂಕಕ್ಕೆ ಇಳಿಸುವುದು ಸರಿಯೇ ಎಂಬ ಬಗ್ಗೆಯೂ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಈ ಪ್ರಶ್ನಾವಳಿ ಹಲವು ಭಾಷೆಗಳಿಗೆ ಹೋಗಿದೆ. ಸ್ಪೇನಿನ ಗಾರ್ಸಿಯಾ ಕಂಪಾಯೊ ಮತ್ತು ಸಂಗಡಿಗರು ಅದರ ದೀರ್ಘ ಹಾಗೂ ಕಿರುರೂಪಗಳೆರಡನ್ನೂ ಸ್ಪಾನಿಷಿಗೆ ತಂದು, ಪರೀಕ್ಷಿಸಿ, 2014ರಲ್ಲಿ ಪ್ರಕಟಿಸಿದರು. ಆ ಅನುವಾದಕ್ಕೆ ‘ಔತೊಕೊಂಪಾಸಿಯೊನ್’ ಎಂಬ ಹೆಸರಿದೆ. ಆದರೆ ಆ ಭಾಷೆಯ ಸಾಮಾನ್ಯ ಬಳಕೆಯಲ್ಲಿ ಆ ಪದಕ್ಕೆ ತನ್ನ ಪಾಡಿಗೆ ತಾನೇ ಮರುಗುತ್ತ ಕೂರುವುದು ಎಂಬ ಹೀನಾರ್ಥವೂ ಉಂಟು. ಅಳೆಯಹೊರಟದ್ದು ಒಂದು ಸದ್ಗುಣ, ಕೇಳಿದವನ ಕಿವಿಗೆ ಬೀಳುವುದು ಒಂದು ದೌರ್ಬಲ್ಯ!

ಕನ್ನಡದಲ್ಲಿಯೂ ತೊಡಕು ಇದೇ. ನಿಘಂಟು ತೆರೆದು ‘ಸ್ವಾನುಕಂಪ’ ಎಂದು ಬರೆದರೆ ಪದಾನುವಾದವೇನೋ ಆಯಿತು. ಆದರೆ ಕನ್ನಡಿಗರ ಬಾಯಲ್ಲಿ ಸ್ವಾನುಕಂಪವೆಂದರೆ ಅಳುಮುಂಜಿತನ. ‘ನಿನ್ನಲ್ಲಿ ಸ್ವಾನುಕಂಪ ಎಷ್ಟಿದೆ?’ ಎಂದು ಕೇಳಿದರೆ ಸ್ವಾಭಿಮಾನಿಯಾದ ಯಾವ ಹುಡುಗಿಯೂ ‘ಇಲ್ಲ’ ಎಂದೇ ಬರೆದಾಳು. ಪಾವಗಡದ ಕಡೆ ಮನೆಮಾತು ತೆಲುಗಾಗಿರುವವರು ಬಹಳ. ಶಿರಾದಲ್ಲಿ ಉರ್ದು ಮನೆಮಾತಾಗಿರುವ ಕುಟುಂಬಗಳಿವೆ. ಇವರೆಲ್ಲರ ಸಹಪಾಠಿಗಳಾಗಿ ಕೇರಳದಿಂದ ಬಂದ ಮಲಯಾಳಿ ಮಕ್ಕಳಿರುತ್ತಾರೆ. ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯಬಲ್ಲವರೆಂಬ ಕಾರಣಕ್ಕೆ ಇಂಗ್ಲಿಷಿನಲ್ಲೇ ಮನಸ್ಸು ಬಿಚ್ಚಬಲ್ಲರೆಂದು ಭಾವಿಸುವುದು ತಪ್ಪು. ಸಂಕಟ ಮಾತನಾಡುವುದು ಮನೆಮಾತಿನಲ್ಲಿ.

ಈ ಎಚ್ಚರ ನಮ್ಮ ನಾಡಿಗೆ ಹೊಸತೇನಲ್ಲ. ಮನೋವೈದ್ಯರಾದ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಅವರು ಈಗ ಉಡುಪಿ ಜಿಲ್ಲೆಗೆ ಸೇರಿದ ಕೋಟದಲ್ಲಿ ಜನರ ಮಾನಸಿಕ ಸಂಕಟಗಳನ್ನು ಅಧ್ಯಯನ ಮಾಡಿ 1976ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಹೊರದೇಶದ ಪ್ರಶ್ನೆಗಳನ್ನು ಹಾಗೆಯೇ ಎತ್ತಿ ತರದೆ, ನಮ್ಮ ಜನಕ್ಕೆ ಹೊಂದುವ ಸಂದರ್ಶನ ಕ್ರಮವನ್ನು ರೂಪಿಸಿಕೊಂಡದ್ದು ಅವರ ಹಿರಿಮೆ. ‘ನಾನು ಖಿನ್ನಳಾಗಿದ್ದೇನೆ’ ಎಂದು ನಮ್ಮ ಹೆಣ್ಣುಮಕ್ಕಳು ಎಂದಾದರೂ ಹೇಳಿದ್ದುಂಟೇ? ತಲೆಭಾರ, ಎದೆಯುರಿ, ಮೈಕೈ ನೋವು, ಊಟ ಸೇರದು ಎನ್ನುತ್ತಾರೆ. ಕೇಳುವವರಿಗೆ ಆ ಭಾಷೆ ತಿಳಿದಿರಬೇಕು.

ಕಥೋಲಿಕರಾದ ನಮಗೆ ಅನುವಾದದ ಮಹಿಮೆ ಸ್ವಾನುಭವದಿಂದಲೇ ತಿಳಿದದ್ದು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆದ ಮೇಲೆ, ಲತೀನಿನಲ್ಲಿ ಕೇಳುತ್ತಿದ್ದ ಬಲಿಪೂಜೆಯನ್ನು ಕನ್ನಡದಲ್ಲಿ ಅರ್ಪಿಸತೊಡಗಿದೆವು. ಪದಕ್ಕೆ ಪದವಿಟ್ಟ ಪ್ರಾರ್ಥನೆ ನಾಲಿಗೆಯ ಮೇಲೆ ನಿಂತಿತು. ನುಡಿಗಟ್ಟನ್ನು ಅರಿತು ಕಟ್ಟಿದ ಪ್ರಾರ್ಥನೆ ಎದೆಗೆ ಇಳಿಯಿತು. ಪ್ರಶ್ನಾವಳಿಯ ವಿಚಾರವೂ ಇದಕ್ಕಿಂತ ಬೇರೆಯಲ್ಲ. ಸ್ಪಾನಿಷ್ ಅನುವಾದದಿಂದ ಮತ್ತೊಂದು ಅನುವಾದ ಮಾಡದೆ ಮೂಲಕ್ಕೇ ಹೋಗಬೇಕು. ಸ್ಪೇನಿನವರಿಂದ ಕಲಿಯಬೇಕಾದುದು ಅವರ ಶ್ರದ್ಧೆಯನ್ನು. ಇಬ್ಬರು ಪ್ರತ್ಯೇಕವಾಗಿ ಕನ್ನಡಕ್ಕೆ ತರಲಿ, ಮೂಲವನ್ನು ನೋಡದ ಮೂರನೆಯವರು ಅದನ್ನು ಮರಳಿ ಇಂಗ್ಲಿಷಿಗೆ ತರಲಿ, ಎರಡನ್ನೂ ಹೋಲಿಸಲಿ. ಕೊನೆಗೆ ಹತ್ತಾರು ವಿದ್ಯಾರ್ಥಿನಿಯರನ್ನು ಕೂರಿಸಿ ‘ಇದನ್ನು ಓದಿ ನಿನಗೇನು ತಿಳಿಯಿತು?’ ಎಂದು ಕೇಳಲಿ. ‘ಸಾಮಾನ್ಯ ಮಾನವತೆ’ ಎಂಬ ಪಂಡಿತರ ಪದ ಅರ್ಥವಾಗದವಳಿಗೆ ‘ಎಲ್ಲರ ಮನೆ ದೋಸೆಯೂ ತೂತೇ’ ಎಂಬ ಗಾದೆ ಕೂಡಲೇ ಅರ್ಥವಾದೀತು.

ಭಾಷೆ ಸರಿಹೋದರೂ ಇನ್ನೊಂದು ತೊಡಕು ಉಳಿಯುತ್ತದೆ. ಉತ್ತರಪತ್ರಿಕೆಯನ್ನು ಕೈಚಾಚಿ ಪಡೆಯುವವರು ಯಾರು? ಆಂತರಿಕ ಅಂಕ ಹಾಕುವ ಅಧ್ಯಾಪಕಿಯೋ ಹಾಸ್ಟೆಲಿನ ಮೇಲ್ವಿಚಾರಕಿಯೋ ಆದರೆ, ವಿದ್ಯಾರ್ಥಿನಿ ತನಗೆ ಅನ್ನಿಸಿದ್ದನ್ನು ಬಿಟ್ಟು ಅವರಿಗೆ ಇಷ್ಟವಾಗುವುದನ್ನು ಬರೆಯುತ್ತಾಳೆ. ಆದುದರಿಂದ ಹೆಸರು ಬರೆಸಬಾರದು, ಒಪ್ಪಿಗೆಯಿಲ್ಲದೆ ಕೇಳಬಾರದು, ನಿರಾಕರಿಸಿದವಳಿಗೆ ಯಾವ ತೊಂದರೆಯೂ ಆಗಬಾರದು. ಬಂದ ಅಂಕವನ್ನು ಹಿಡಿದು ‘ನೀನು ದುರ್ಬಲಳು’ ಎಂದು ಹಣೆಪಟ್ಟಿ ಹಚ್ಚಬಾರದು. ಇದು ಕಾಯಿಲೆಯನ್ನು ಪತ್ತೆಹಚ್ಚುವ ಪರೀಕ್ಷೆಯಲ್ಲ.

ಇನ್ನೂ ಒಂದು ಅಪಾಯವನ್ನು ಸ್ಪಷ್ಟವಾಗಿ ಹೇಳಲೇಬೇಕು. ದಣಿವಿಗೆ ಕಾರಣ ಅತಿಯಾದ ರಾತ್ರಿಪಾಳಿ, ಸಾಲದ ಊಟ, ಎಲ್ಲರೆದುರಿನ ಅವಮಾನವಾಗಿದ್ದರೆ, ‘ನಿನ್ನ ಮೇಲೆ ನೀನು ದಯೆಯಿಡು’ ಎಂದು ಬೋಧಿಸಿ ಕೈತೊಳೆದುಕೊಳ್ಳುವುದು ಅನ್ಯಾಯ. ಆ ಅಂಕಗಳು ಮೊದಲು ಪ್ರಶ್ನಿಸಬೇಕಾದುದು ಹುಡುಗಿಯನ್ನಲ್ಲ, ಅವಳನ್ನು ಬೆಳೆಸುತ್ತಿರುವ ಸಂಸ್ಥೆಯನ್ನು. ಕಂಕನಾಡಿಯಲ್ಲಿ 1880ರಿಂದ, ಬೆಂಗಳೂರಿನ ಸಂತ ಮಾರ್ತಾ ಆಸ್ಪತ್ರೆಯಲ್ಲಿ 1886ರಿಂದ ರೋಗಿಗಳ ಸೇವೆಯ ಪರಂಪರೆಯನ್ನು ಬೆಳೆಸಿಕೊಂಡು ಬಂದಿರುವ ಸಮುದಾಯ ನಮ್ಮದು. ರೋಗಿಯಲ್ಲಿ ಕ್ರಿಸ್ತರನ್ನು ಕಾಣಬೇಕೆಂದು ಮಕ್ಕಳಿಗೆ ಕಲಿಸಿದ್ದೇವೆ. ಕಲಿಯುತ್ತಿರುವ ದಾದಿಯಲ್ಲಿಯೂ ಅದೇ ಕ್ರಿಸ್ತರನ್ನು ಕಾಣುವ ಹೊಣೆ ಹಿರಿಯರದು.

‘ಆದರೆ ತನ್ನನ್ನು ತಾನು ತಗ್ಗಿಸಿಕೊಳ್ಳುವುದಲ್ಲವೇ ನಮ್ಮ ಧರ್ಮ?’ ಎಂದು ಕೆಲವು ತಂದೆತಾಯಿಗಳು ಕೇಳಬಹುದು. ದೀನತೆ ಬೇರೆ, ಆತ್ಮನಿಂದೆ ಬೇರೆ. ನೆರೆಯವರನ್ನು ಪ್ರೀತಿಸಲು ಪ್ರಭು ಕೊಟ್ಟ ಅಳತೆಗೋಲೇ ನಮ್ಮ ಮೇಲೆ ನಮಗಿರಬೇಕಾದ ಪ್ರೀತಿ. ಅಳತೆಗೋಲೇ ಮುರಿದಿದ್ದರೆ ಅಳೆಯುವುದು ಯಾವುದರಿಂದ? ಪೇತ್ರನೂ ಗುರುವನ್ನು ನಿರಾಕರಿಸಿದ, ಯೂದನೂ ದ್ರೋಹವೆಸಗಿದ. ಇಬ್ಬರೂ ಪಶ್ಚಾತ್ತಾಪದಿಂದ ಬೆಂದವರೇ. ಪೇತ್ರನು ಕಣ್ಣೀರಿಟ್ಟು ಸಂಗಡಿಗರ ನಡುವೆ ಉಳಿದ. ಮುಂದೆ ಗುರುವೇ ಅವನನ್ನು ಅರಸಿ ಬಂದರು. ಯೂದನು ಒಂಟಿಯಾಗಿ ಹೊರನಡೆದ. ತಪ್ಪನ್ನು ಒಪ್ಪಿಕೊಂಡು ಎದ್ದು ನಿಲ್ಲುವುದಕ್ಕಾಗಿಯೇ ಧರ್ಮಸಭೆ ನಮಗೆ ಪಾಪನಿವೇದನೆಯನ್ನು ಕೊಟ್ಟಿದೆ, ತಪ್ಪಿನಲ್ಲೇ ಕೊಳೆಯುವುದಕ್ಕಲ್ಲ. ತನ್ನ ಮೇಲೆ ದಯೆಯುಳ್ಳವಳು ಹೊಣೆಯಿಂದ ನುಣುಚಿಕೊಳ್ಳುವುದಿಲ್ಲ. ಅವಮಾನದ ಭಯವಿಲ್ಲದ್ದರಿಂದ, ತಪ್ಪು ಔಷಧ ಕೊಟ್ಟೆನೆಂದು ತಿಳಿದ ಕ್ಷಣವೇ ಬಾಯಿಬಿಟ್ಟು ಹೇಳುವ ಧೈರ್ಯ ಅವಳಿಗಿರುತ್ತದೆ. ರೋಗಿಯ ಪ್ರಾಣ ಉಳಿಯುವುದು ಆ ಧೈರ್ಯದಿಂದ.

ಆದುದರಿಂದ ಪ್ರಶ್ನಾವಳಿ ಬರುವವರೆಗೆ ಕಾಯಬೇಕಾಗಿಲ್ಲ. ಶುಶ್ರೂಷಾ ಶಾಲೆಗಳು ತಿಂಗಳಿಗೊಮ್ಮೆಯಾದರೂ ಅಂಕದ ಹಂಗಿಲ್ಲದೆ ಮಕ್ಕಳ ಮಾತು ಕೇಳುವ ವ್ಯವಸ್ಥೆ ಮಾಡಲಿ. ಧರ್ಮಕೇಂದ್ರಗಳು ತಮ್ಮ ಊರಿನಿಂದ ಹೋಗಿ ಓದುತ್ತಿರುವ ಹೆಣ್ಣುಮಕ್ಕಳನ್ನು ಹೆಸರಿಡಿದು ನೆನೆಯಲಿ. ಫೆಬ್ರವರಿ 11ರ ವಿಶ್ವ ರೋಗಿಗಳ ದಿನದಂದು ರೋಗಿಗಳೊಡನೆ ಅವರ ಆರೈಕೆ ಮಾಡುವವರಿಗೂ ಪ್ರಾರ್ಥಿಸಲಿ. ನಿದ್ದೆಗೆಟ್ಟು, ಬದುಕೇ ಬೇಡವೆನ್ನುವಷ್ಟು ಕುಗ್ಗಿದವರು ಯಾರೇ ಇರಲಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಪ್ರತಿ ಹಾಸ್ಟೆಲಿನ ಗೋಡೆಯ ಮೇಲೆ ಬರೆಯಿಸುವುದು ಕಷ್ಟದ ಕೆಲಸವಲ್ಲ.

ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ. ಭಾನುವಾರ ಮಗಳು ಫೋನ್ ಮಾಡಿದಾಗ ‘ಎಷ್ಟು ಅಂಕ ಬಂತು?’ ಎಂಬ ಪ್ರಶ್ನೆಗೆ ಮುನ್ನ ‘ಊಟ ಮಾಡಿದೆಯೇನಮ್ಮ? ಈ ವಾರ ಏನು ಕಷ್ಟವಾಯಿತು?’ ಎಂದು ಕೇಳಿ. ಅವಳು ಸೋಲನ್ನು ಹೇಳಿಕೊಂಡರೆ ಸಾಲದ ನೆನಪು ತೆಗೆಯಬೇಡಿ. ತನ್ನ ಮೇಲೆ ದಯೆಯಿಡುವುದನ್ನು ಮಗು ಕಲಿಯುವುದು ತಾನು ಸೋತಾಗ ಮನೆಯವರು ಆಡಿದ ಮಾತಿನಿಂದ. ನಾಳೆ ಯಾವುದೋ ಆಸ್ಪತ್ರೆಯಲ್ಲಿ ನಡುರಾತ್ರಿ ನರಳುವ ಅಪರಿಚಿತರ ಹಣೆಯ ಮೇಲೆ ಅವಳು ಇಡುವ ಕೈಯಲ್ಲಿ ಆ ಮಾತು ಉಳಿದಿರುತ್ತದೆ.